ಹದಿನೆಂಟು ಚಾವಡಿಯೂ ಒಂದು ಹೂದೋಟವೂ

ಶ್ರೀರಂಗಪಟ್ಟಣದಲ್ಲಿ ಕುಳಿತು ನಾಡನ್ನಾಳಿದ ಚಿಕ್ಕದೇವರಾಜ ಒಡೆಯರು ತಮ್ಮ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಮೈಸೂರಿನ ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದ ಸಂಗತಿ. ಔರಂಗಜೇಬನ ಬಳಿಗೆ ಹೋಗಿದ್ದ ನಿಯೋಗವು 1700ರಲ್ಲಿ ಹಿಂದಿರುಗಿದ ಮೇಲೆ, ಮೊಗಲರ ಕಚೇರಿಗಳ ಮಾದರಿಯಲ್ಲಿ ಈ ಏರ್ಪಾಟು ನಡೆಯಿತೆಂದು ಹೇಳುತ್ತಾರೆ. ಆ ಹದಿನೆಂಟರ ನೆನಪು ‘ಅಠಾರಾ ಕಚೇರಿ’ ಎಂಬ ಹೆಸರಾಗಿ ಬೆಂಗಳೂರಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡಕ್ಕೆ ಇಂದಿಗೂ ಅಂಟಿಕೊಂಡಿದೆ. ಒಂದು ರಾಜ್ಯವೆಂದರೆ ಕಂದಾಯವುಂಟು, ಸೈನ್ಯವುಂಟು, ಅಂಚೆಯುಂಟು, ಅರಮನೆಯ ಖರ್ಚುವೆಚ್ಚವುಂಟು. ಅದಕ್ಕೆ ಹದಿನೆಂಟು ಚಾವಡಿ ಹೆಚ್ಚಾಯಿತೆಂದು ಯಾರೂ ಆಕ್ಷೇಪಿಸಲಾರರು.

ಇದೇ ಪಟ್ಟಣದ ಹೊರವಲಯದಲ್ಲಿ ಉದ್ಯಾನಗಳನ್ನು ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಿದೆ. ಅದರ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಎರಡು ವರ್ಷಗಳ ಹಿಂದೆ ಅವನು ತನ್ನ ವ್ಯವಹಾರಕ್ಕೆಂದು ಒಂದು ತಂತ್ರಾಂಶವನ್ನು ಕೊಂಡ. ಅದರಲ್ಲಿನ ಕನ್ನಡವನ್ನೊಮ್ಮೆ ನೋಡಿಕೊಡಬೇಕೆಂದು ನನ್ನನ್ನು ಕರೆದಿದ್ದ. ಪರದೆಯ ಎಡಬದಿಯಲ್ಲಿ ಸಾಲುಗಟ್ಟಿ ನಿಂತಿದ್ದ ವಿಭಾಗಗಳನ್ನು ಕುತೂಹಲಕ್ಕೆ ಎಣಿಸಿದೆ: ಹತ್ತೊಂಬತ್ತು. ಮೂವತ್ತು ಆಳು, ಒಬ್ಬ ಮೇಸ್ತ್ರಿ, ಎರಡು ಟ್ರ್ಯಾಕ್ಟರು, ಒಂದು ನರ್ಸರಿ; ಇಷ್ಟನ್ನು ನಡೆಸುವುದಕ್ಕೆ ಒಡೆಯರಿಗಿಂತಲೂ ಒಂದು ಚಾವಡಿ ಹೆಚ್ಚು!

ತೋಟದ ಕೆಲಸ ಈ ಸೀಮೆಗೆ ಹೊಸದೇನೂ ಅಲ್ಲ. ಟಿಪ್ಪುವಿನ ಲಾಲ್‌ಬಾಗ್ ಇದ್ದುದು ಇಲ್ಲಿಯ ಗಂಜಾಮಿನಲ್ಲಿ; ಹೈದರನ ಗುಂಬಜ್ ನಿಂತಿರುವುದು ಆ ತೋಟದ ನಡುವೆಯೇ. ಕನ್ನಂಬಾಡಿ ಕಟ್ಟೆಯ ಕೆಳಗೆ 1927ರಲ್ಲಿ ಮೊದಲಾಗಿ 1932ರಲ್ಲಿ ಮುಗಿದ ಬೃಂದಾವನವನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಆದರೆ ಅವು ದೊರೆಗಳ ಮತ್ತು ಸರ್ಕಾರದ ತೋಟಗಳು. ಕೂಲಿ ಕೊಟ್ಟು ತೋಟ ಮಾಡಿಸಿಕೊಳ್ಳುವ ಖಾಸಗಿಯವರು ಹೆಚ್ಚಿದ್ದು ಈಚೆಗೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತಷ್ಟೆ. ಅದರ ಅಕ್ಕಪಕ್ಕದಲ್ಲಿ ರೆಸಾರ್ಟು, ಕಲ್ಯಾಣಮಂಟಪ, ನಿವೇಶನಗಳ ಬಡಾವಣೆ ಎದ್ದಲ್ಲೆಲ್ಲ ಹುಲ್ಲುಹಾಸು ಬೇಕು, ಬೇಲಿಗಿಡ ಬೇಕು, ಹೆಬ್ಬಾಗಿಲಿನ ಎರಡೂ ಕಡೆ ಕಾಗದದ ಹೂವಿನ ಬಳ್ಳಿ ಬೇಕು. ನನ್ನ ವಿದ್ಯಾರ್ಥಿಯಂಥವರು ಅದನ್ನು ಒದಗಿಸುತ್ತಾರೆ. ಜನ ಅವರನ್ನು ‘ಗಾರ್ಡನ್ ಕಾಂಟ್ರಾಕ್ಟರು’ ಎನ್ನುತ್ತಾರೆ.

ಅವನ ಕೆಲಸ ಹರಡಿರುವುದು ನಾಲ್ಕು ತಾಲ್ಲೂಕುಗಳಲ್ಲಿ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. ನಕ್ಷೆಯಲ್ಲಿ ಒಂದಕ್ಕೊಂದು ತಗುಲಿಕೊಂಡಿರುವ ಈ ನಾಲ್ಕು ತಾಲ್ಲೂಕುಗಳು ಗಿಡ ನೆಡುವವನ ಕಣ್ಣಿಗೆ ನಾಲ್ಕು ಬೇರೆ ಬೇರೆ ದೇಶಗಳೇ ಸರಿ. ಪಟ್ಟಣದ ದ್ವೀಪಕ್ಕೆ ಬಂಗಾರದೊಡ್ಡಿ ನಾಲೆಯ ನೀರಿದೆ. ಪಾಂಡವಪುರದ ಬಹುಭಾಗಕ್ಕೆ ವಿಶ್ವೇಶ್ವರಯ್ಯ ನಾಲೆ. ಅಲ್ಲಿ ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ಹರಿಯುತ್ತಾಳೆ. ಮಂದಗೆರೆ, ಹೇಮಗಿರಿಗಳ ಅಣೆಕಟ್ಟಿನ ನಾಲೆಗಳು ತಲುಪುವ ಊರಿಗೂ ತಲುಪದ ಊರಿಗೂ ಒಂದು ದಿಬ್ಬದ ಅಂತರವಷ್ಟೆ. ನಾಗಮಂಗಲದ ಹೆಚ್ಚಿನ ಪಾಲು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದ ಬೆದ್ದಲು. ಅಲ್ಲಿ ಬೇಸಗೆಯಲ್ಲಿ ಗಿಡ ನೆಟ್ಟವನು ನೀರಿನ ಟ್ಯಾಂಕರಿಗೂ ಹಣ ಎತ್ತಿಟ್ಟಿರಬೇಕು. ಪಾಂಡವಪುರದಲ್ಲಿ ಬದುಕುವ ಹುಲ್ಲು ಬೆಳ್ಳೂರಿನ ಬಯಲಿನಲ್ಲಿ ತಿಂಗಳೊಪ್ಪತ್ತಿನಲ್ಲಿ ಹಳದಿಯಾಗುತ್ತದೆ. ಯಾವ ಗುಣಿ ಎಷ್ಟು ಆಳ, ಯಾವ ಮಣ್ಣಿಗೆ ಎಷ್ಟು ಕೊಟ್ಟಿಗೆ ಗೊಬ್ಬರ, ಯಾವ ಊರಿನಲ್ಲಿ ಯಾವ ವಾರ ನೀರು ನಿಲ್ಲುತ್ತದೆ—ಇದಿಷ್ಟೂ ಮೇಸ್ತ್ರಿಯ ತಲೆಯಲ್ಲಿತ್ತು. ತಲೆಯಲ್ಲಿ ನಿಲ್ಲದ್ದು ಅವನ ಹಜಾರಿ ಪುಸ್ತಕದಲ್ಲಿತ್ತು.

ಆ ಪುಸ್ತಕವನ್ನು ನಾನು ಕಂಡಿದ್ದೇನೆ. ಉದ್ದನೆಯ, ಕಿರಿದಾದ, ಕೆಂಪು ರಟ್ಟಿನ ಪುಸ್ತಕ; ಬೆವರು, ಮಣ್ಣು, ಎಲೆಯಡಿಕೆಯ ಕಲೆ. ಪೂರ್ತಿ ದಿನದ ಕೂಲಿಗೆ ಒಂದು ಗೀಟು, ಅರ್ಧ ದಿನಕ್ಕೆ ಒಂದು ಚುಕ್ಕೆ, ಮುಂಗಡ ಪಡೆದವರ ಹೆಸರಿನ ಸುತ್ತ ಒಂದು ಸೊನ್ನೆ. ಅದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಹಳೆಯ ಕಡತ. ಇಂದು ಕಚೇರಿಯ ಫೈಲಿಗೂ ಗಣಕದ ಫೈಲಿಗೂ ನಾವು ‘ಕಡತ’ ಎಂದುಬಿಡುತ್ತೇವೆ. ಮೊದಲು ಆ ಮಾತು ಸೂಚಿಸುತ್ತಿದ್ದುದು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕವನ್ನು. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದರೆ ಒರೆಸುವುದು. ಶಾನುಭೋಗರೂ ವರ್ತಕರೂ ಲೆಕ್ಕವಿಡುತ್ತಿದ್ದುದು ಅದರಲ್ಲಿ. ಬರೆದು ಒರೆಸಿ ಮತ್ತೆ ಬರೆಯಬಲ್ಲ ಕಪ್ಪು ಹಲಗೆ ಎಂದ ಮೇಲೆ ಇಂದಿನ ಪರದೆಗೂ ಅದಕ್ಕೂ ದಾಯಾದಿ ಸಂಬಂಧವಿಲ್ಲವೆ? ಒಂದು ವ್ಯತ್ಯಾಸವೇನೋ ಉಂಟು. ಕಡತವನ್ನು ಬಿಚ್ಚಿದವನಿಗೆ ಬರೆದುದೆಲ್ಲವೂ ಕಾಣುತ್ತಿತ್ತು. ಪರದೆಯಲ್ಲಿ ಅಡಗಿರುವುದೇ ಹೆಚ್ಚು.

ಹಾಗೆಂದು ಹಜಾರಿ ಪುಸ್ತಕವೇ ಸಾಕಿತ್ತೆಂದು ಹೇಳುವುದು ಸರಿಯಲ್ಲ. ಹಳೆಯದನ್ನು ಹೊಗಳುವುದು ನಮ್ಮ ಅಧ್ಯಾಪಕ ವರ್ಗಕ್ಕೆ ತೀರ ಸುಲಭದ ಕೆಲಸ. ಬೃಂದಾವನವನ್ನು ಯಾವ ತಂತ್ರಾಂಶದಿಂದ ಕಟ್ಟಿದರು ಎಂದು ಕೇಳುವವರೂ ಉಂಟು. ಬೃಂದಾವನವನ್ನು ಕಟ್ಟಿದ್ದು ಸರ್ಕಾರ. ಅದರ ಹಿಂದೆ ಇಲಾಖೆಯೇ ಇತ್ತು, ಗುಮಾಸ್ತರಿದ್ದರು. ನನ್ನ ವಿದ್ಯಾರ್ಥಿಗೆ ಗುಮಾಸ್ತೆ, ಖಜಾಂಚಿ ಎಲ್ಲವೂ ಅವನ ಮಡದಿಯೊಬ್ಬಳೇ. ರೆಸಾರ್ಟಿಗೆ ಹೋದ ಇನ್ನೂರು ದಾಸವಾಳ ಬಿಲ್ಲಿಗೆ ಬಾರದೆ ಉಳಿದದ್ದುಂಟು. ಒಂದೇ ಟ್ರ್ಯಾಕ್ಟರನ್ನು ಒಂದೇ ಬೆಳಗ್ಗೆ ಕಿಕ್ಕೇರಿಗೂ ಗಂಜಾಮಿಗೂ ಒಪ್ಪಿಕೊಂಡದ್ದುಂಟು. ಇವುಗಳ ಜೊತೆಗೆ 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ. ಗಿಡವನ್ನಷ್ಟೇ ಮಾರಿದರೆ ತೆರಿಗೆಯಿಲ್ಲ. ತೋಟ ಮಾಡಿಕೊಟ್ಟರೆ ಆ ಸೇವೆಗೆ ತೆರಿಗೆಯುಂಟು. ಹೊಂಗೆಯ ಸಸಿಯೊಂದು ನರ್ಸರಿಯ ಬಾಗಿಲಲ್ಲಿ ಕೈಬದಲಾದಾಗ ಒಂದು ಲೆಕ್ಕ, ಗುಣಿಯಲ್ಲಿ ನಿಂತಾಗ ಇನ್ನೊಂದು ಲೆಕ್ಕ. ಇದನ್ನು ಗೀಟು, ಚುಕ್ಕೆ, ಸೊನ್ನೆಗಳಲ್ಲಿ ಬರೆದಿಡಲಾಗದು. ಗಣಕ ಬೇಕಾಗಿತ್ತು, ನಿಜ. ಹತ್ತೊಂಬತ್ತು ಚಾವಡಿ ಬೇಕಾಗಿತ್ತೆ?

ಮಾರಿದವರು ಆಸೆ ತೋರಿಸಿದ್ದು ಆ ಹತ್ತೊಂಬತ್ತರಿಂದಲೇ. ವಿಭಾಗಗಳ ಕನ್ನಡ ಹೆಸರುಗಳನ್ನೂ ಅವರೇ ಬರೆಯಿಸಿ ತಂದಿದ್ದರು: ‘ಸಂಪನ್ಮೂಲ ನಿಯೋಜನೆ’, ‘ಕಾರ್ಯಾದೇಶ’, ‘ಗ್ರಾಹಕ ಸಂಬಂಧ ನಿರ್ವಹಣೆ’. ವ್ಯಾಕರಣದ ದೃಷ್ಟಿಯಿಂದ ಯಾವುದರಲ್ಲೂ ತಪ್ಪಿಲ್ಲ. ಪ್ರತಿಯೊಂದು ಗಿಡಕ್ಕೂ ಒಂದು ಸಂಕೇತ ಸಂಖ್ಯೆ. ಹೊಂಗೆ ಎಂದು ಬರೆದರೆ ಯಂತ್ರ ಒಪ್ಪದು, ನಲವತ್ತೆರಡು ಎನ್ನಬೇಕು. ಮೇಸ್ತ್ರಿಯ ಕೈಗೆ ಒಂದು ಫೋನು ಕೊಟ್ಟರು. ಸಂಜೆ ಐದೂವರೆಗೆ, ಆಳುಗಳು ಕೈಕಾಲು ತೊಳೆದು ಬಸ್ಸಿಗೆ ಓಡುವ ಹೊತ್ತಿನಲ್ಲಿ, ಅವನು ಹದಿನೇಳು ಪ್ರಶ್ನೆಗಳಿಗೆ ಉತ್ತರ ತುಂಬಬೇಕು. ಒಂದನ್ನು ಬಿಟ್ಟರೂ ಮುಂದಿನ ಪುಟ ತೆರೆಯುವುದಿಲ್ಲ.

ಬುದ್ಧಿವಂತರು ಇಂಥಲ್ಲಿ ಮಾಡುವುದನ್ನೇ ಅವನೂ ಮಾಡಿದ: ಎಲ್ಲ ಪ್ರಶ್ನೆಗೂ ನಿನ್ನೆಯ ಉತ್ತರವನ್ನೇ ಒತ್ತಿದ. ಮೂರನೆಯ ತಿಂಗಳಿನಲ್ಲಿ, ಗಣಕದ ಪ್ರಕಾರ, ನಾಗಮಂಗಲದ ಒಂದು ಆವರಣದಲ್ಲಿ ಹನ್ನೊಂದು ದಿನ ಒಂದೇ ಸಮನೆ ಹುಲ್ಲು ಹಾಸಿದ್ದರು. ಅಲ್ಲಿ ಹುಲ್ಲೇ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಟವಾಡೆಯ ದಿನ ನಡೆಯಿತು. ಗಣಕ ಕೊಟ್ಟ ಪಟ್ಟಿಯಲ್ಲಿ ಇಬ್ಬರು ಹೆಂಗಸರಿಗೆ ಎರಡೆರಡು ದಿನದ ಕೂಲಿ ಕಡಿಮೆ ಬಂತು. ಅವರು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಯಜಮಾನನನ್ನು ಕೇಳಿದ. ಯಜಮಾನ ಪರದೆಯನ್ನು ನೋಡಿದ. ಮೂವತ್ತು ವರ್ಷ ಗಿಡ ನೆಟ್ಟ ಮನುಷ್ಯ ಕೆಲಸ ಬಿಡುತ್ತೇನೆಂದದ್ದು ಆ ಸಂಜೆ. ಆಮೇಲೊಂದು ದಿನ ನನ್ನೊಡನೆ ಅವನು ಆಡಿದ ಮಾತಿದು: “ನನ್ ಪುಸ್ತಕದಲ್ಲಿ ತಪ್ಪಿದ್ರೆ ನನ್ನ ಕೇಳ್ತಾರೆ ಮೇಷ್ಟ್ರೆ. ಆ ಪೆಟ್ಟಿಗೇಲಿ ತಪ್ಪಿದ್ರೆ ಯಾರ್ನ ಕೇಳಾದು?”

ಲೆಕ್ಕದ ಪುಸ್ತಕವೆಂದರೆ ಬರಿಯ ಲೆಕ್ಕವಲ್ಲ. ಅದು ಒಂದು ಹೊಣೆ. ಬರೆದವನಿಗೇ ಓದಲು ಬಾರದ ಲೆಕ್ಕಕ್ಕೆ ಹೊಣೆಗಾರನಿರುವುದಿಲ್ಲ. ತಂತ್ರಾಂಶ ಸರಳವಾಗಿರಬೇಕು ಎಂಬುದು ಸಾಮಾನ್ಯವಾಗಿ ಅನುಕೂಲದ ಮಾತಾಗಿ, ಹೊತ್ತು ಉಳಿಸುವ ಮಾತಾಗಿ ಕೇಳಿಬರುತ್ತದೆ. ನನಗೆ ಅದು ನ್ಯಾಯದ ಮಾತಾಗಿಯೇ ತೋರುತ್ತದೆ. ಎರಡು ದಿನದ ಕೂಲಿ ಎಲ್ಲಿ ತಪ್ಪಿತೆಂದು ಆ ಹೆಂಗಸಿಗೆ ತೋರಿಸಿಕೊಡಲಾಗದ ಯಂತ್ರ ಎಷ್ಟು ಜಾಣತನದ್ದಾದರೇನು?

ಈ ವಿಷಯದಲ್ಲಿ ನಮ್ಮ ನಾಡಿಗೆ ಪೂರ್ವಾನುಭವವಿಲ್ಲದಿಲ್ಲ. ಅಂಗಡಿಯಿಂದ ಕಾರ್ಖಾನೆಯವರೆಗೆ ಈಗ ಎಲ್ಲೆಲ್ಲೂ ಬಳಕೆಯಲ್ಲಿರುವ ‘ಟ್ಯಾಲಿ’ ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ. ಬಟ್ಟೆ ಗಿರಣಿಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಎಲ್ಲಿಯೂ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಂದ ಬರೆಯಿಸಿದರು. ಆ ಕಾಲದ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತವಿರುತ್ತಿತ್ತು. ಟ್ಯಾಲಿ ಆ ಸಂಕೇತಗಳನ್ನು ಕೈಬಿಟ್ಟಿತು. ವ್ಯಾಪಾರಿ ತನ್ನ ಗಿರಾಕಿಯನ್ನು ಯಾವ ಹೆಸರಿನಿಂದ ಕರೆಯುತ್ತಾನೋ ಆ ಹೆಸರೇ ಖಾತೆಯ ಹೆಸರು. ಸಣ್ಣ ಸಂಗತಿಯೆನಿಸಬಹುದು. ಆದರೆ ಹೊಂಗೆಯನ್ನು ಹೊಂಗೆಯೆನ್ನಲು ಬಿಡುವ ಯಂತ್ರಕ್ಕೂ ನಲವತ್ತೆರಡು ಎನ್ನಿಸುವ ಯಂತ್ರಕ್ಕೂ ಎಷ್ಟು ದೂರವೆಂಬುದು ಸಂಜೆಯ ಐದೂವರೆಗೆ ಗೊತ್ತಾಗುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. ಜಮೀನಿನ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯನ್ನು ಮೊದಲಿಗೆ ಪ್ರಯೋಗಿಸಿ ನೋಡಿದ್ದು ಮದ್ದೂರು ತಾಲ್ಲೂಕಿನಲ್ಲಿ. ಈ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ ಅದು 177 ತಾಲ್ಲೂಕುಗಳಿಗೆ ಹಬ್ಬಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರು. ಅಷ್ಟು ದೊಡ್ಡ ಕೆಲಸದಲ್ಲಿ ನನ್ನ ಮನಸ್ಸನ್ನು ಹಿಡಿದ ಸಂಗತಿಗಳು ಎರಡು. ಒಂದು, ರೈತನ ಕೈಗೆ ಬಂದದ್ದು ಅವನು ತಲೆಮಾರುಗಳಿಂದ ಬಲ್ಲ ಪಹಣಿಯೇ. ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಎಲ್ಲವೂ ಕನ್ನಡದಲ್ಲಿ. ಎರಡು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಎರಡು ಪರದೆಗಳಿದ್ದವು: ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಹದಿನೈದು ರೂಪಾಯಿ ಕೊಟ್ಟು ನಿಂತವನು ತನ್ನ ಜಮೀನಿನ ದಾಖಲೆಯನ್ನು ಒಳಗಿನವನು ಏನು ಮಾಡುತ್ತಿದ್ದಾನೆಂದು ತಾನೇ ನೋಡಬಹುದಾಗಿತ್ತು. ಯೋಜನೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಕೈಬರಹದ ತಪ್ಪುಗಳು ಗಣಕದೊಳಕ್ಕೂ ನಡೆದು, ತಿದ್ದುಪಡಿಗೆಂದು ಅಲೆದವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೂ ಆ ಎರಡನೆಯ ಪರದೆಯನ್ನು ಅಲ್ಲಿಟ್ಟವರಿಗೆ ಲೆಕ್ಕವೆಂದರೇನೆಂಬುದು ಗೊತ್ತಿತ್ತು.

ನನ್ನ ವಿದ್ಯಾರ್ಥಿಯ ಮನೆಯಲ್ಲಿ ಆ ವಿವೇಕ ಬಂದದ್ದು ಅವನ ಮಡದಿಯಿಂದ. ಆಕೆ ಓದಿದ್ದು ಪಿಯುಸಿಯವರೆಗೆ. ತಂತ್ರಾಂಶವನ್ನು ಮಾರಿದವರನ್ನು ಕರೆಸಿ, “ಇದರಲ್ಲಿ ಹದಿಮೂರನ್ನು ಮುಚ್ಚಿಬಿಡಿ ಸಾರ್, ದುಡ್ಡು ವಾಪಸ್ಸು ಕೇಳುವುದಿಲ್ಲ” ಎಂದರಂತೆ. ಅವರಿಗೆ ಆಶ್ಚರ್ಯ. ಇಷ್ಟೆಲ್ಲ ಸೌಕರ್ಯವನ್ನು ಕೊಟ್ಟ ಹಣಕ್ಕೇ ಬಿಟ್ಟುಬಿಡುವವರುಂಟೆ? ಮುಂದೆ ಬೇಕಾಗಬಹುದು, ಈಗಿನಿಂದಲೇ ಮಾಹಿತಿ ತುಂಬಿಟ್ಟರೆ ಒಳ್ಳೆಯದು ಎಂದು ಅವರು ವಾದಿಸಿದರು. ಆ ವಾದ ಪೂರ್ತಿ ಸುಳ್ಳೂ ಅಲ್ಲ. ಆದರೆ ಮುಂದೆ ಎಂದೋ ಒಬ್ಬರು ನೋಡಬಹುದೆಂದು ಇಂದು ಒಬ್ಬ ಮೇಸ್ತ್ರಿ ದಿನವೂ ಸುಳ್ಳು ತುಂಬಿದರೆ, ಆ ಮುಂದಿನವರಿಗೆ ಸಿಗುವುದಾದರೂ ಏನು?

ಮೇಸ್ತ್ರಿಯ ಫೋನಿನಲ್ಲಿ ಉಳಿದದ್ದು ಒಂದೇ ಪುಟ, ಆರು ಕಲಮು: ದಿನ, ಜಾಗ, ಹಜಾರಿ, ಗಿಡ, ಸಾಮಾನು, ಷರಾ. ತೆರಿಗೆಯ ಗೋಜಲನ್ನು ಆಕೆ ಕಚೇರಿಯಲ್ಲೇ ಇಟ್ಟುಕೊಂಡರು. ಅದು ಸರಳವಾಗುವ ವಿಷಯವಲ್ಲ, ಹೊಲದವರೆಗೆ ಅದನ್ನು ಒಯ್ಯಬೇಕಾಗಿಯೂ ಇಲ್ಲ. ಮೂರು ತಿಂಗಳ ಕಾಲ ಕೆಂಪು ರಟ್ಟಿನ ಪುಸ್ತಕವೂ ಫೋನೂ ಜೊತೆಜೊತೆಯಾಗಿ ನಡೆದವು. ಬಟವಾಡೆಯ ದಿನ ಎರಡನ್ನೂ ಎದುರು ಬದುರಾಗಿಟ್ಟು ತಾಳೆ ನೋಡಿದರು. ಹಣ ಎಣಿಸುವ ಮೊದಲು ಪ್ರತಿಯೊಬ್ಬರಿಗೂ ಅವರವರ ಸಾಲನ್ನು ಪರದೆಯ ಮೇಲೆ ತೋರಿಸಬೇಕೆಂದು ಕಟ್ಟು ಮಾಡಿದರು. ಒಂದು ಬಾರಿ ನಾನೂ ಅಲ್ಲಿದ್ದೆ. ಅಕ್ಷರ ಬಾರದ ಹೆಂಗಸೊಬ್ಬಳು ಪರದೆಯ ಮೇಲಿನ ಗೀಟುಗಳನ್ನು ಬೆರಳಿಟ್ಟು ಎಣಿಸಿ, “ಸೋಮ್ವಾರ ಮಧ್ಯಾಹ್ನ ಹೋದ್ನಲ್ಲವ್ವ, ಅರ್ಧ ಹಾಕವ್ವ” ಎಂದು ತನಗೆ ನಷ್ಟವಾಗುವ ತಪ್ಪನ್ನು ತಾನೇ ತಿದ್ದಿಸಿದಳು. ಹೌದು, ಗೀಟುಗಳು! ಪೂರ್ತಿ ದಿನಕ್ಕೆ ಗೀಟು, ಅರ್ಧಕ್ಕೆ ಚುಕ್ಕೆ ಕಾಣುವಂತೆ ಮಾಡಿಸಿದ್ದರು. ತಂತ್ರಾಂಶದವರಿಗೆ ಅದು ಅರ್ಧ ಗಂಟೆಯ ಕೆಲಸವಾಯಿತಂತೆ.

ಇನ್ನು ನನ್ನನ್ನು ಕರೆದಿದ್ದ ಕೆಲಸ, ಕನ್ನಡ. ಆರು ಕಲಮುಗಳ ಹೆಸರನ್ನು ಮತ್ತೊಮ್ಮೆ ನೋಡಿ. ಹಜಾರಿ, ಸಾಮಾನು, ಷರಾ, ಆಮೇಲೆ ಬಟವಾಡೆ, ಜಮಾ, ಖರ್ಚು, ಬಾಕಿ: ಪಾರಸಿ, ಅರಬ್ಬಿ, ಮರಾಠಿಗಳಿಂದ ದಫ್ತರದ ದಾರಿಯಲ್ಲಿ ಬಂದವು. ಶುದ್ಧ ಕನ್ನಡದ ಪಕ್ಷಪಾತಿಗಳು ಹುಬ್ಬು ಗಂಟಿಕ್ಕಬಹುದು. ಆದರೆ ನಾಗಮಂಗಲದ ಮೂಲೆಯ ಹಳ್ಳಿಯಲ್ಲಿಯೂ ಷರಾ ಎಂದರೆ ಏನೆಂದು ಗೊತ್ತು. ‘ಕಾರ್ಯಾದೇಶ’ ಎಂದರೆ ಮಂಡ್ಯದ ಕಚೇರಿಯಲ್ಲಿಯೂ ಒಂದು ಕ್ಷಣ ಯೋಚಿಸುತ್ತಾರೆ. ಮುನ್ನೂರು ವರ್ಷ ಜನರ ಬಾಯಲ್ಲಿ ಉರುಳಿ ನುಣುಪಾದ ಮಾತು ಕನ್ನಡವಲ್ಲದೆ ಮತ್ತೇನು? ಗಿಡಗಳ ಹೆಸರಿನಲ್ಲಿಯೂ ಇದೇ ನ್ಯಾಯ. ಹೊಂಗೆ, ಬೇವು, ಸಂಪಿಗೆ, ಆಕಾಶಮಲ್ಲಿಗೆ ಹಾಗೆಯೇ ಇವೆ. ದುರಂತ ಎಂಬ ಬೇಲಿಗಿಡವೂ ಇದೆ. ಅದು ಲ್ಯಾಟಿನಿನ ಡುರಾಂಟಾ ನಮ್ಮ ನಾಲಗೆಯ ಮೇಲೆ ತಾಳಿದ ರೂಪ. ಬಡಾವಣೆಯ ಮಾಲೀಕರಿಗೆ ಬಿಲ್ಲಿನಲ್ಲಿ ‘ದುರಂತ, 300’ ಎಂದು ಹೋಗುವುದನ್ನು ತಪ್ಪಿಸಲು ನಾನು ‘ಡ್ಯುರಾಂಟ’ ಎಂದು ಬರೆಯಿಸಬೇಕಾಯಿತು. ಅದೊಂದೇ ನನ್ನ ಸಾಹಿತ್ಯಸೇವೆ.

ಸರಳಗೊಳಿಸುವಾಗ ಕಳೆದುಹೋಗುವುದೂ ಉಂಟು, ಅದನ್ನು ಮುಚ್ಚಿಡಬಾರದು. ಹದಿನೇಳು ಪ್ರಶ್ನೆಗಳಲ್ಲಿ ಮಣ್ಣಿನ ಬಗೆ, ನೀರಿನ ಮೂಲಗಳೂ ಇದ್ದವು; ಆರು ಕಲಮುಗಳಲ್ಲಿ ಅವಕ್ಕೆ ಎಡೆಯಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ಕೆಲಸ ಮಾಡುವವನಿಗೆ ನೀರಿನ ವಿಷಯ ಬೇಡವೆ? ಅದಕ್ಕೇ ಷರಾ. ಅಲ್ಲಿ ಏನನ್ನೂ ಬರೆಯಬಹುದು, ಬರೆಯಲು ಬೇಸರವಾದರೆ ಫೋನಿಗೆ ಹೇಳಬಹುದು, ಸುಮ್ಮನೆಯೂ ಇರಬಹುದು. ಕಡ್ಡಾಯವಲ್ಲದ ಆ ಕಲಮಿನಲ್ಲಿಯೇ ಮೇಸ್ತ್ರಿ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತಾನೆ. ‘ನಾಲೆ ನಿಂತದೆ.’ ‘ಇಲ್ಲಿ ಎರಡಡಿಗೇ ಬಂಡೆ.’ ‘ಕೊಟ್ಟಿಗೆ ಗೊಬ್ಬರ ಹಸಿ ಅದೆ, ವಾಪಸ್ ಕಳ್ಸಿ.’ ಲಾಲ್‌ಬಾಗಿನ ಕೃಂಬಿಗಲ್ ಸಾಹೇಬರು ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಟ್ಟಿರುವಂತೆ ಸಾಲುಮರಗಳನ್ನು ಯೋಜಿಸಿದರಷ್ಟೆ. ಆ ಯೋಜನೆಯ ತಿರುಳನ್ನು ಮರದ ಹೆಸರು, ಹೂ ಬಿಡುವ ತಿಂಗಳು ಎಂಬ ಎರಡು ಕಲಮುಗಳಲ್ಲಿ ಬರೆದಿಡಬಹುದು. ಆದರೆ ಆ ಎರಡನ್ನು ತುಂಬುವುದಕ್ಕೆ ಎಷ್ಟು ವರ್ಷ ಮರಗಳನ್ನು ನೋಡಿರಬೇಕು!

ಕಳೆದ ಬೇಸಗೆಯಲ್ಲಿ ನಾಗಮಂಗಲದ ಕಡೆ ನೆಟ್ಟ ನಾನೂರು ಹೊಂಗೆಯಲ್ಲಿ ನೂರಕ್ಕೂ ಹೆಚ್ಚು ಒಣಗಿದವು. ಸಸಿಯೇ ಕೆಟ್ಟದ್ದು, ಹಣ ಕೊಡುವುದಿಲ್ಲ ಎಂದು ಮಾಡಿಸಿಕೊಂಡವರು ಪಟ್ಟುಹಿಡಿದರು. ನೀರಿನ ಟ್ಯಾಂಕರು ಅವರ ಹೊಣೆ, ಸಸಿ ಇವರದು ಎಂದು ಮೊದಲೇ ಒಪ್ಪಂದವಾಗಿತ್ತು. ಷರಾ ತೆಗೆದು ನೋಡಿದರೆ ಒಂದೇ ವಾರದಲ್ಲಿ ಐದು ದಿನ ಮೇಸ್ತ್ರಿಯ ದನಿ: ‘ಟ್ಯಾಂಕರ್ ಬರ್ನಿಲ್ಲ.’ ಎದುರಿಗೆ ಕುಳಿತು ಅದನ್ನು ಕೇಳಿಸಿದ ಮೇಲೆ ಮಾತು ಮೆತ್ತಗಾಯಿತು. ಅರ್ಧ ಹಣ ಬಂತು. ಉಳಿದರ್ಧಕ್ಕೆ ಮಳೆ ಹಿಡಿದ ಮೇಲೆ ಹೊಸ ಸಸಿ ಹಾಕಿಕೊಡುವುದೆಂದು ರಾಜಿಯಾಯಿತು. ಪೂರ್ತಿ ಗೆಲುವೇನಲ್ಲ. ಆದರೆ ಆ ಅರ್ಧದಿಂದಲೇ ಆ ತಿಂಗಳ ಬಟವಾಡೆ ತಡವಾಗದೆ ನಡೆಯಿತು.

ಮೇಸ್ತ್ರಿ ಕೆಲಸ ಬಿಡಲಿಲ್ಲ. ಕೆಂಪು ರಟ್ಟಿನ ಪುಸ್ತಕವನ್ನೂ ಬಿಟ್ಟಿಲ್ಲ; ಯಾರೂ ಬಿಡು ಎಂದಿಲ್ಲ. ಮುಚ್ಚಿದ ಹದಿಮೂರರಲ್ಲಿ ಒಂದನ್ನು, ಯಾವ ತೋಟಕ್ಕೆ ಯಾವ ದಿನ ಕತ್ತರಿ ಹಾಕಲು ಹೋಗಬೇಕೆಂದು ನೆನಪಿಸುವುದನ್ನು, ಮತ್ತೆ ತೆರೆಸಬೇಕೆಂದು ಈಗ ಕೇಳುತ್ತಿರುವವನು ಅವನೇ. ತೆರೆದರೆ ಅದಕ್ಕೊಂದು ಏಳನೆಯ ಕಲಮು ಬೇಕಾಗುತ್ತದೆ. ಯಜಮಾನನಿಗೆ ಮನಸ್ಸಿದೆ, ಅವನ ಮಡದಿ ಇನ್ನೂ ಒಪ್ಪಿಲ್ಲ. ಆಷಾಢ ಕಳೆಯಲಿ, ನೋಡೋಣ ಎಂದಿದ್ದಾರೆ.